ಬಂಗಾರ ಬಣ್ಣದ ಕೇಕಿನ ಊರಿನಲ್ಲಿ



ಶಿಕಾಗೋ ಎಂಬ ಹೆಸರು ಕೇಳಿದಾಗ ನಿಮಗೆ ಏನು ನೆನಪಾಗುತ್ತದೆ? ಹೆಚ್ಚಿನವರಿಗೆ 1893ರ ಸರ್ವಧರ್ಮ ಸಮ್ಮೇಳನ ಮತ್ತು ಸ್ವಾಮಿ ವಿವೇಕಾನಂದರ ಭಾಷಣ ನೆನಪಾಗಬಹುದು. ಇನ್ನು ಕೆಲವರಿಗೆ 110 ಅಂತಸ್ತುಗಳ ಸಿಯರ್ಸ್ ಟವರ್ ನೆನಪಾದೀತು. 2009ರಿಂದ ಅದಕ್ಕೆ ವಿಲ್ಲಿಸ್ ಟವರ್ ಎಂದು ಹೆಸರು. ಅದು ಗಾಳಿಯನ್ನು ತಾಳಿ ನಿಲ್ಲುವಂತೆ ಲೆಕ್ಕ ಹಾಕಿ ರೂಪಿಸಿದ ಇಂಜಿನಿಯರ್ ಫಝ್ಲುರ್ರಹ್ಮಾನ್ ಖಾನ್, ಢಾಕಾದಲ್ಲಿ ಜನಿಸಿದ ಮುಸ್ಲಿಮ್ ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ.

ನನಗೆ ಮಾತ್ರ ಶಿಕಾಗೋ ಎಂದ ಕೂಡಲೇ ನೆನಪಾಗುವುದು ಬೆರಳುದ್ದದ ಒಂದು ಕೇಕು. ಅದರ ಜೊತೆಗೇ ಎಂಟು ವರ್ಷದ ಒಂದು ಮಗುವಿನ ಅಳು.

2024ರ ಸೆಪ್ಟೆಂಬರ್‌ನಲ್ಲಿ ನಾನು ಅಲ್ಲಿಗೆ ಹೋದದ್ದು ತಂಗಿಯ ಬಾಣಂತನಕ್ಕೆ. ಊರಿನಲ್ಲಿ ತಾಯಿಗೆ ಆರೋಗ್ಯ ಸರಿ ಇರಲಿಲ್ಲ. ಆದ್ದರಿಂದ ಶಾಲೆಗೆ ರಜೆ ಹಾಕಿ ನಾನೇ ಹೊರಟೆ. ತಂಗಿಯ ಮನೆ ಇರುವುದು ಓ'ಹೇರ್ ವಿಮಾನ ನಿಲ್ದಾಣಕ್ಕೆ ಸಮೀಪದ ಒಂದು ಉಪನಗರದಲ್ಲಿ. ಹಗಲಿಡೀ ತಲೆಯ ಮೇಲೆ ವಿಮಾನಗಳ ಸದ್ದು. ರಸ್ತೆಯ ಎರಡೂ ಕಡೆ ಮೇಪಲ್ ಮರಗಳು, ಬೇಲಿಯಿಲ್ಲದ ಅಂಗಳಗಳು, ಮನುಷ್ಯರ ಸುಳಿವಿಲ್ಲದ ಕಾಲುದಾರಿಗಳು. ನಮ್ಮ ಶಿವಮೊಗ್ಗದ ಓಣಿಯ ಗದ್ದಲಕ್ಕೆ ಒಗ್ಗಿಹೋದ ನನಗೆ ಮೊದಲ ವಾರ ಆ ಮೌನವೇ ಕಿವಿಗೆ ಗಡಚಿಕ್ಕುತ್ತಿತ್ತು. ತಂಗಿಯ ಹಿರಿಯ ಮಗನೊಬ್ಬನೇ ನನಗೆ ಸಂಗಾತಿ.

ಆ ಸಂಜೆ

ಒಂದು ದಿನ ಶಾಲೆಯ ಬಸ್ಸಿನಿಂದ ಇಳಿದವನೇ ಓಡಿ ಬಂದು ಅವನು ಚೀಲದಿಂದ ಒಂದು ಪೊಟ್ಟಣ ತೆಗೆದ. ಅದರಲ್ಲಿ ಎರಡು ಕೇಕುಗಳಿದ್ದವಂತೆ. ಗೆಳೆಯನ ಹುಟ್ಟುಹಬ್ಬಕ್ಕೆ ಸಿಕ್ಕಿದ್ದು. "ಒಂದನ್ನು ನಾನು ತಿಂದೆ. ಇನ್ನೊಂದು ನಿಮಗೆ ಇಟ್ಟೆ ಖಾಲಾ" ಎಂದ.

ಬಂಗಾರದ ಬಣ್ಣ, ಎರಡೂ ತುದಿ ಗುಂಡಗೆ, ಒಳಗೆ ಬಿಳಿ ಕ್ರೀಮ್. ಅಮೆರಿಕದ ಮಕ್ಕಳ ಊಟದ ಡಬ್ಬಿಯಲ್ಲಿ ತಲೆಮಾರುಗಳಿಂದ ಕಾಣಿಸಿಕೊಳ್ಳುವ ಟ್ವಿಂಕಿ ಅದು. ಹೊಗಳಿ ಒಂದು ಚೂರು ಬಾಯಿಗೆ ಹಾಕಿಕೊಳ್ಳುವ ಮೊದಲು ಅಭ್ಯಾಸಬಲದಿಂದ ಪೊಟ್ಟಣದ ಹಿಂಬದಿ ಓದಿದೆ. ಸಕ್ಕರೆ, ನೀರು, ಮೈದಾ, ಜೋಳದ ಸಿರಪ್ ಆದ ಬಳಿಕ 'ಟ್ಯಾಲೋ' ಎಂಬ ಪದವಿತ್ತು. ಬಿ.ಎ. ಓದುವಾಗ ಕಲಿತ ಇಂಗ್ಲಿಷ್ ಸಾಲದೆ ನಿಘಂಟು ತೆರೆದೆ. ಜಾನುವಾರಿನ ಕೊಬ್ಬನ್ನು ಕರಗಿಸಿ ಸೋಸಿದ್ದು ಎಂದಿತ್ತು.

ನಮ್ಮೂರಿನಲ್ಲಿ ಪೊಟ್ಟಣದ ಮೇಲೆ ಹಸಿರು ಚುಕ್ಕಿ ಇದೆಯೋ ಇಲ್ಲವೋ ಎಂದು ನೋಡಿದರೆ ಕೊಬ್ಬು, ಮಾಂಸದ ವಿಷಯ ಅಲ್ಲಿಗೇ ಮುಗಿಯುತ್ತದೆ. ಅಮೆರಿಕದಲ್ಲಿ ಆ ಚುಕ್ಕಿಯಿಲ್ಲ. ಕೇಕು ಎಂದರೆ ಮೊಟ್ಟೆ, ಮೈದಾ, ಸಕ್ಕರೆ ಎಂದುಕೊಂಡಿದ್ದ ನನಗೆ ನೆಲ ಕುಸಿದ ಹಾಗಾಯಿತು. ಯೋಚಿಸದೆ ಬಾಯಿಬಿಟ್ಟೆ. "ಓದಲು ಬರುವುದಿಲ್ಲವೇ ನಿನಗೆ? ಹರಾಮ್ ತಿಂದು ಬಂದಿದ್ದೀಯಲ್ಲ!" ಎಂದು ಗದರಿ ಆ ಕೇಕನ್ನು ಅವನ ಕಣ್ಣೆದುರೇ ಕಸದ ಬುಟ್ಟಿಗೆ ಹಾಕಿದೆ.

ಮಗು ಮಾತಾಡದೆ ಬಚ್ಚಲುಮನೆಗೆ ಹೋಯಿತು. ಸ್ವಲ್ಪ ಹೊತ್ತಿನ ನಂತರ ಹೋಗಿ ನೋಡಿದರೆ ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಲು ಪ್ರಯತ್ನಿಸುತ್ತಿದ್ದ. ಹಿಡಿದೆತ್ತಿಕೊಂಡಾಗ ಬಿಕ್ಕುತ್ತಾ ಕೇಳಿದ: "ಖಾಲಾ, ನಾನಿಗೋಸ್ಕರ ನಾನು ಮಾಡಿದ ದುಆ ಈಗ ಸ್ವೀಕಾರ ಆಗಲ್ವಾ?"

ಆಗ ನನಗೆ ನೆನಪಾಯಿತು. ಹಿಂದಿನ ರಾತ್ರಿಯಷ್ಟೇ ಮಲಗುವ ಮೊದಲು ನಾನೇ ಅವನಿಗೆ ಒಂದು ಹದೀಸ್ ಹೇಳಿದ್ದೆ. ದೂರ ಪ್ರಯಾಣದಿಂದ ಬಳಲಿ, ಧೂಳು ಮೆತ್ತಿದ ಮೈಯಲ್ಲಿ ಆಕಾಶದತ್ತ ಕೈಯೆತ್ತಿ ಬೇಡುವ ಒಬ್ಬ ವ್ಯಕ್ತಿಯ ಪ್ರಸ್ತಾಪ ಅದರಲ್ಲಿದೆ. ಅವನ ಆಹಾರ, ಉಡುಪು ನಿಷಿದ್ಧ ಸಂಪಾದನೆಯದಾಗಿದ್ದರೆ ಆ ಬೇಡಿಕೆ ಸ್ವೀಕೃತವಾಗುವುದಾದರೂ ಹೇಗೆ ಎಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಮಗು ಅದನ್ನು ಎದೆಯಲ್ಲಿಟ್ಟುಕೊಂಡಿತ್ತು. ತನ್ನ ತಪ್ಪಿನಿಂದ ಸಾವಿರಾರು ಮೈಲಿಯಾಚೆ ಮಲಗಿರುವ ಅಜ್ಜಿ ಗುಣವಾಗುವುದಿಲ್ಲ ಎಂದು ಹೆದರಿತ್ತು.

ಓದುಗರೇ, ಮದ್ರಸದಲ್ಲಿ ಎಷ್ಟೋ ವರ್ಷ ಕಲಿತವಳು ನಾನು. ತಿಳಿಯದೆ ಆದ ತಪ್ಪಿಗೆ ದೋಷವಿಲ್ಲ, ಹೃದಯ ಬೇಕೆಂದೇ ಮಾಡಿದ್ದಕ್ಕೆ ಮಾತ್ರ ವಿಚಾರಣೆ ಎಂಬುದು ಅಹ್‌ಝಾಬ್ ಅಧ್ಯಾಯದ ಐದನೆಯ ಸೂಕ್ತದಲ್ಲಿದೆ ಎಂದು ತರಗತಿಯಲ್ಲಿ ಪಾಠ ಮಾಡಿದವಳು. ಪ್ರೌಢಾವಸ್ಥೆಗೆ ಬರುವ ತನಕ ಮಗುವಿನ ಮೇಲೆ ಲೇಖನಿ ಓಡುವುದಿಲ್ಲ ಎಂದು ಪರೀಕ್ಷೆಗೆ ಪ್ರಶ್ನೆ ಕೊಟ್ಟವಳು. ಬೇಕಾದ ಹೊತ್ತಿಗೆ ಅದೆಲ್ಲ ಎಲ್ಲಿ ಹೋಯಿತು? ಅವನನ್ನು ಮಡಿಲಲ್ಲಿ ಕೂರಿಸಿಕೊಂಡು ಹೇಳಿದೆ: "ತಪ್ಪು ನಿನ್ನದಲ್ಲ ಬೇಟಾ, ನನ್ನದು. ನಿನ್ನ ದುಆಗೆ ಏನೂ ಆಗಿಲ್ಲ." ಅವನು ತಲೆಯಾಡಿಸಿದ. ಆದರೆ ಆ ರಾತ್ರಿ ಊಟ ಮುಟ್ಟಲಿಲ್ಲ. ಮರುದಿನ ಶಾಲೆಗೆ ಬರೀ ಸೇಬು ಕೊಡಿ ಎಂದ.

ಕೇಕು ಹುಟ್ಟಿದ ಊರು

ಶನಿವಾರ ತಂಗಿಯ ಗಂಡ, "ಆ ಕೇಕು ಹುಟ್ಟಿದ್ದು ಇಲ್ಲೇ ಪಕ್ಕದ ಊರಿನಲ್ಲಿ ಆಪಾ. ಬನ್ನಿ, ತೋರಿಸಿಕೊಂಡು ಬರೋಣ. ಇವನ ಮನಸ್ಸೂ ಹಗುರವಾಗಲಿ" ಎಂದರು. ಕಾರಿನಲ್ಲಿ ಇಪ್ಪತ್ತು ನಿಮಿಷ. ಶಿಲ್ಲರ್ ಪಾರ್ಕ್ ಎಂಬ ಆ ಊರು ವಿಮಾನ ನಿಲ್ದಾಣಕ್ಕೆ ಅಂಟಿಕೊಂಡಂತಿದೆ. ಇಳಿಯುವ ವಿಮಾನಗಳ ಚಕ್ರಗಳು ಕೂಡ ಕಾಣಿಸುತ್ತವೆ. ಇಟ್ಟಿಗೆಯ ಸಣ್ಣ ಮನೆಗಳು, ಗೋದಾಮುಗಳು, ಹೋಟೆಲುಗಳು, ಡೆಸ್ ಪ್ಲೇನ್ಸ್ ನದಿಯ ದಂಡೆಯಲ್ಲಿ ಕಾಯ್ದಿಟ್ಟ ಕಾಡು. ಪ್ರವಾಸಿಗರು ಹುಡುಕಿಕೊಂಡು ಬರುವಂಥದ್ದು ಏನೂ ಇಲ್ಲ.

1930ರಲ್ಲಿ ಇಲ್ಲಿದ್ದ ಕಾಂಟಿನೆಂಟಲ್ ಬೇಕಿಂಗ್ ಕಂಪೆನಿಯ ಬೇಕರಿಯಲ್ಲಿ ಜೇಮ್ಸ್ ಡಿವಾರ್ ಎಂಬವರು ಕೆಲಸಕ್ಕಿದ್ದರು. ಸ್ಟ್ರಾಬೆರಿ ತುಂಬುವ ಕೇಕಿನ ಅಚ್ಚುಗಳು ಆ ಹಣ್ಣಿನ ಹಂಗಾಮು ಮುಗಿದ ಮೇಲೆ ಸುಮ್ಮನೆ ಬಿದ್ದಿರುತ್ತಿದ್ದವು. ದೇಶದಲ್ಲಿ ಆರ್ಥಿಕ ಮುಗ್ಗಟ್ಟು. ಇದ್ದ ಅಚ್ಚಿನಲ್ಲೇ ಅಗ್ಗದ ತಿಂಡಿಯೊಂದನ್ನು ಮಾಡಬಹುದಲ್ಲ ಎಂದು ಯೋಚಿಸಿ ಡಿವಾರ್ ಅದರೊಳಗೆ ಬಾಳೆಹಣ್ಣಿನ ಕ್ರೀಮ್ ತುಂಬಿದರು. ಐದು ಸೆಂಟಿಗೆ ಎರಡು ಕೇಕು! ಸೇಂಟ್ ಲೂಯಿಸ್ ನಗರದಲ್ಲಿ ಕಂಡ ಒಂದು ಶೂ ಜಾಹೀರಾತಿನಿಂದ ಹೆಸರು ಹೊಳೆಯಿತಂತೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಾಳೆಹಣ್ಣು ಸಿಗುವುದು ದುರ್ಲಭವಾದಾಗ ಕ್ರೀಮ್ ವೆನಿಲ್ಲಾಕ್ಕೆ ಬದಲಾಯಿತು. ಯುದ್ಧ ಮುಗಿದರೂ ವೆನಿಲ್ಲಾ ಉಳಿಯಿತು.

ಕೇಕು ಕೆಡುವುದೇ ಇಲ್ಲ ಎಂಬ ದಂತಕಥೆಯೂ ಅಮೆರಿಕದಲ್ಲಿದೆ. ಮೇಯ್ನ್ ರಾಜ್ಯದ ಬ್ಲೂ ಹಿಲ್ ಎಂಬ ಊರಿನ ಒಬ್ಬ ವಿಜ್ಞಾನ ಶಿಕ್ಷಕರು 1976ರಲ್ಲಿ ಪಾಠದ ನಡುವೆ ಒಂದನ್ನು ಕರಿಹಲಗೆಯ ಮೇಲ್ಬದಿಯಲ್ಲಿ ಇಟ್ಟರು. ಅದು ದಶಕಗಳ ಕಾಲ ಉಳಿಯಿತು. ಆದರೆ 2012ರಲ್ಲಿ ಕೊಂಡ ಕೇಕುಗಳನ್ನು ಒಬ್ಬರು 2020ರಲ್ಲಿ ತೆರೆದು ನೋಡಿದಾಗ ಒಂದಕ್ಕೆ ಬೂಷ್ಟು ಹಿಡಿದಿತ್ತು, ಇನ್ನೊಂದು ಸುಕ್ಕುಗಟ್ಟಿತ್ತು. ಈ ಕೇಕೂ ಕೆಡುತ್ತದೆ. ಹಾಲು, ಬೆಣ್ಣೆ ಬೇಗ ಹಳಸುತ್ತವೆ. ಕೊಬ್ಬು, ಸಕ್ಕರೆಯ ಪಾಕ, ತೇವವನ್ನು ಹಿಡಿದಿಡುವ ರಾಸಾಯನಿಕಗಳು ಬಾಳಿಕೆ ಹೆಚ್ಚಿಸುತ್ತವೆ. ಒಳಗಿನ ಬಿಳಿ ಪದಾರ್ಥ ಹಾಲಿನ ಕೆನೆಯಲ್ಲ ಎಂಬುದನ್ನೂ ಆ ದಿನವೇ ತಿಳಿದುಕೊಂಡೆ.

2012ರ ನವೆಂಬರ್‌ನಲ್ಲಿ, ಆಗ ಕೇಕು ತಯಾರಿಸುತ್ತಿದ್ದ ಕಂಪೆನಿ ದಿವಾಳಿಯಾಗಿ ಬಾಗಿಲು ಮುಚ್ಚಿದಾಗ 18 ಸಾವಿರಕ್ಕೂ ಹೆಚ್ಚು ಜನರು ಕೆಲಸ ಕಳೆದುಕೊಂಡರು. ಜನರು ಅಂಗಡಿಗಳಿಗೆ ಮುಗಿಬಿದ್ದು ಕಡೆಯ ಪೊಟ್ಟಣಗಳನ್ನು ಕೊಂಡರು. ಹೊಸ ಮಾಲಕರ ಕೈಯಲ್ಲಿ 2013ರ ಜುಲೈಯಲ್ಲಿ ಕೇಕು ಮರಳಿ ಬಂತು. ಆದರೆ ಶಿಲ್ಲರ್ ಪಾರ್ಕ್‌ನ ಬೇಕರಿಯನ್ನು 2014ರಲ್ಲಿ ಮುಚ್ಚಲಾಯಿತು. ಕೇಕು ಹುಟ್ಟಿದ ಊರಿನಲ್ಲಿ ಈಗ ಕೇಕು ಬೇಯುವುದಿಲ್ಲ. ಕಾರಿನ ಕಿಟಕಿಯಿಂದ ನೋಡುತ್ತಿದ್ದ ಹುಡುಗ, "ಹಾಗಾದರೆ ಮೊದಲು ಅದು ಬಾಳೆಹಣ್ಣಿನ ಕೇಕು ಆಗಿತ್ತಾ?" ಎಂದಷ್ಟೇ ಕೇಳಿದ.

ಕಲ್ಲಿನ ಕಮಾನು

ಅಲ್ಲಿಂದ ನಾವು ಶಿಕಾಗೋ ನಗರದ ದಕ್ಷಿಣ ಭಾಗಕ್ಕೆ ಹೋದೆವು. ಕೊಬ್ಬು ಕೇಕಿನೊಳಗೆ ಹೇಗೆ ಬಂತು ಎಂಬ ನನ್ನ ಪ್ರಶ್ನೆಗೆ ಉತ್ತರ ಅಲ್ಲಿದೆ ಎಂದು ತಂಗಿಯ ಗಂಡ ಹೇಳಿದ್ದರು. ಪಿಯೋರಿಯಾ ಬೀದಿ ಮತ್ತು ಎಕ್ಸ್‌ಚೇಂಜ್ ಅವೆನ್ಯೂ ಸೇರುವಲ್ಲಿ ಸುಣ್ಣಕಲ್ಲಿನ ಒಂದು ಹಳೆಯ ಹೆಬ್ಬಾಗಿಲು ಒಂಟಿಯಾಗಿ ನಿಂತಿದೆ. ಮಧ್ಯದ ಕಮಾನಿನ ಮೇಲೆ ಕಲ್ಲಿನಲ್ಲಿ ಕೆತ್ತಿದ ಎತ್ತಿನ ತಲೆ.

1865ರಿಂದ 1971ರವರೆಗೆ ಇಲ್ಲಿದ್ದದ್ದು ಯೂನಿಯನ್ ಸ್ಟಾಕ್ ಯಾರ್ಡ್ಸ್. ರೈಲುಗಳಲ್ಲಿ ಬಂದಿಳಿಯುತ್ತಿದ್ದ ದನ, ಹಂದಿ, ಕುರಿಗಳನ್ನು ಕೂಡಿಹಾಕುತ್ತಿದ್ದ ದೊಡ್ಡಿಗಳು. ಸುತ್ತಲೂ ಮಾಂಸದ ಕಾರ್ಖಾನೆಗಳು. ಅವುಗಳಲ್ಲಿ ಪ್ರಾಣಿಯ ಹೆಚ್ಚಿನ ಭಾಗಗಳನ್ನು ಬಳಸಿಕೊಳ್ಳುತ್ತಿದ್ದರು. ಚರ್ಮ ಚಪ್ಪಲಿಗೆ, ಮೂಳೆ ಅಂಟಿಗೆ, ಕೊಬ್ಬು ಸಾಬೂನಿಗೆ, ಮೇಣದ ಬತ್ತಿಗೆ ಮತ್ತು ಅಡುಗೆಗೆ. ಕೊಬ್ಬು ಅಗ್ಗ, ಬೇಗ ಕೆಡುವುದಿಲ್ಲ, ಹಿಟ್ಟನ್ನು ಮೃದುವಾಗಿಸುತ್ತದೆ. ಬೇಕರಿಯವರು ಅದನ್ನು ಬಳಸಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಇನ್ನೊಂದು ವಿಷಯವೂ ಈ ಜಾಗಕ್ಕೆ ಸೇರಿದ್ದು. ಈ ಕಾರ್ಖಾನೆಗಳ ಕಾರ್ಮಿಕರ ದುರವಸ್ಥೆಯನ್ನೂ ಹೊಲಸನ್ನೂ ಕುರಿತು ಅಪ್ಟನ್ ಸಿಂಕ್ಲೇರ್ ಬರೆದ 'ದಿ ಜಂಗಲ್' ಎಂಬ ಕಾದಂಬರಿ 1906ರಲ್ಲಿ ಪುಸ್ತಕವಾಗಿ ಹೊರಬಂತು. ಓದಿದವರು ಬೆಚ್ಚಿಬಿದ್ದರು. ಅದೇ ವರ್ಷ ಮಾಂಸ ತಪಾಸಣೆಯ ಕಾನೂನೂ, ಆಹಾರ ಮತ್ತು ಔಷಧಿಯ ಪೊಟ್ಟಣದ ಮೇಲೆ ಸುಳ್ಳು ಬರೆಯುವುದನ್ನು ಅಪರಾಧವಾಗಿಸಿದ ಕಾನೂನೂ ಬಂದವು. ನನಗೆ ಅನ್ನಿಸಿದ್ದು ಇಷ್ಟು: ಪೊಟ್ಟಣದ ಹಿಂಬದಿಯಲ್ಲಿ ನಾನು ಓದಿದ ಆ ಪದ ಯಾರದೋ ಹೋರಾಟದ ಫಲ. ಕಂಪೆನಿ ಏನನ್ನೂ ಮುಚ್ಚಿಟ್ಟಿರಲಿಲ್ಲ. ಬರೆದದ್ದನ್ನು ಓದುವುದು ನಮ್ಮ ಕೆಲಸ. ಆದರೆ ಅದು ಹಿರಿಯರ ಕೆಲಸ. ಅದನ್ನು ಎಂಟು ವರ್ಷದ ಮಗುವಿನ ತಲೆಗೆ ಕಟ್ಟಿ ಗದರಿಸಿದ್ದು ನಾನು.

ಕೊಬ್ಬಿನ ಬಗ್ಗೆ ಧರ್ಮದ ನಿಲುವೇನು ಎಂದು ನೀವು ಕೇಳಬಹುದು. ದನ ನಮಗೆ ಧರ್ಮಸಮ್ಮತ ಪ್ರಾಣಿಯಾದರೂ ಅದನ್ನು ಹೇಗೆ, ಯಾರು ಕೊಯ್ದರು ಎಂಬುದು ಗೊತ್ತಿಲ್ಲದಿದ್ದಾಗ ಮಾಂಸದ ನಿಯಮವೇ ಕೊಬ್ಬಿಗೂ ಅನ್ವಯಿಸುತ್ತದೆ ಎಂಬುದು ನಾನು ಕಲಿತ ಪಾಠ. ಗ್ರಂಥದವರ ಆಹಾರಕ್ಕೆ ಕುರ್‌ಆನ್ ಕೊಟ್ಟ ಅನುಮತಿಯನ್ನು ಇಲ್ಲಿಗೂ ವಿಸ್ತರಿಸುವ ವಿದ್ವಾಂಸರಿದ್ದಾರೆ, ಒಪ್ಪದವರೂ ಇದ್ದಾರೆ. ಸಂಶಯವಿದ್ದದ್ದನ್ನು ಬಿಡುವುದು ನನ್ನ ಮಟ್ಟಿಗೆ ನೆಮ್ಮದಿಯ ದಾರಿ. ಆದರೆ ಬಿಟ್ಟರೆ ಸಾಕೇ? ಅಲ್ಬಕರ ಅಧ್ಯಾಯದ 168ನೆಯ ಸೂಕ್ತ ಹಲಾಲ್ ಎಂಬ ಪದದ ಜೊತೆಗೇ ತಯ್ಯಿಬ್ ಎಂಬ ಪದವನ್ನೂ ಇಟ್ಟಿದೆ. ಅಂದರೆ ಶುದ್ಧವಾದದ್ದು, ಹಿತವಾದದ್ದು. ಒಂದು ಬಾಗಿಲು ಮುಚ್ಚುವವರು ಇನ್ನೊಂದನ್ನು ತೆರೆಯಬೇಕು. ನಾನು ಮುಚ್ಚಿದ್ದೆ ಅಷ್ಟೆ.

ಡೆವನ್ ಬೀದಿಯಿಂದ ಅಡುಗೆಮನೆಗೆ

ಮರಳುವ ದಾರಿಯಲ್ಲಿ ಕಾರನ್ನು ಡೆವನ್ ಅವೆನ್ಯೂ ಕಡೆ ತಿರುಗಿಸಲು ಹೇಳಿದೆ. ಶಿಕಾಗೋದ ಉತ್ತರ ಭಾಗದ ಈ ಬೀದಿಗೆ ಕಾಲಿಟ್ಟರೆ ಹೈದರಾಬಾದಿಗೋ ಕರಾಚಿಗೋ ಬಂದಂತೆ. ಒಂದು ತುಂಡಿಗೆ ಗಾಂಧೀಜಿಯ ಗೌರವದ ಹೆಸರಿದ್ದರೆ ಇನ್ನೊಂದಕ್ಕೆ ಜಿನ್ನಾರದ್ದು. ಸೀರೆ ಅಂಗಡಿ, ಒಡವೆ ಅಂಗಡಿ, ಬಿರಿಯಾನಿಯ ಪರಿಮಳ, ಹಲಾಲ್ ಮಾಂಸದ ಅಂಗಡಿ. ಕೆಲವು ಪೊಟ್ಟಣಗಳ ಮೇಲೆ ಅರ್ಧಚಂದ್ರ ಮತ್ತು 'ಎಂ' ಅಕ್ಷರದ ಗುರುತು. 1982ರಲ್ಲಿ ಸ್ಥಾಪನೆಯಾದ ಇಫಾಂಕಾ ಎಂಬ ಸಂಸ್ಥೆ ಪರಿಶೀಲಿಸಿ ಕೊಡುವ ಹಲಾಲ್ ಮುದ್ರೆ ಅದು. ಹುಡುಗನಿಗೆ ಆ ಗುರುತನ್ನು ತೋರಿಸಿದೆ. ಅಂಗಡಿಯಿಡೀ ಓಡಾಡಿ ಆಟದಂತೆ ಅದನ್ನು ಹುಡುಕತೊಡಗಿದ. ಬೆಣ್ಣೆ, ಮೊಟ್ಟೆ, ಏಲಕ್ಕಿ, ಎರಡು ಬಾಳೆಹಣ್ಣು ಕೊಂಡೆವು.

"ನಾವೇ ಮಾಡೋಣವಾ?" ಎಂದೆ. "ನಿಮಗೆ ಬರುತ್ತಾ?" ಎಂದ. ಬರುವುದಿಲ್ಲ ಎಂದು ಒಪ್ಪಿಕೊಂಡೆ.

ಮೊದಲ ಸಲದ ಕಥೆ ಹೇಳುವಂತಿಲ್ಲ. ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಮಾಡಿದ ಅಚ್ಚುಗಳು ಒಲೆಯೊಳಗೆ ಒಂದರ ಮೇಲೊಂದು ಮಗುಚಿ ಹಿಟ್ಟೆಲ್ಲ ತಟ್ಟೆಗೆ ಹರಿದು ಚಪ್ಪಟೆ ರೊಟ್ಟಿಯಾಯಿತು. ಹುಡುಗ ಹೊಟ್ಟೆ ಹಿಡಿದುಕೊಂಡು ನಕ್ಕ. ಆ ಸಂಜೆಯ ಬಳಿಕ ಅವನು ನಕ್ಕದ್ದು ಆಗಲೇ. ಆ ರೊಟ್ಟಿಯನ್ನೂ ಬಿಸಾಡದೆ ಚಹಾದ ಜೊತೆ ತಿಂದೆವು. ಎರಡನೆಯ ಸಲ ಸರಿಯಾಯಿತು. ನೀವೂ ಮಾಡಿ ನೋಡಬಹುದು.

ಅಚ್ಚು: ಫಾಯಿಲ್ ಅನ್ನು ಎರಡು ಮೂರು ಪದರ ಮಡಚಿ, ಮಸಾಲೆ ಡಬ್ಬಿಯಂಥ ಸಣ್ಣ ಬಾಟಲಿಯನ್ನು ಅದರ ಮೇಲೆ ಅಡ್ಡ ಮಲಗಿಸಿ, ಸುತ್ತಲೂ ಎತ್ತಿ ದೋಣಿಯಾಕಾರ ಕೊಡಿ. ಒಳಗೆ ಎಣ್ಣೆ ಸವರಿ. ಮಗುಚದಂತೆ ತಟ್ಟೆಯಲ್ಲಿ ಒಂದಕ್ಕೊಂದು ಒತ್ತಾಗಿ ಜೋಡಿಸಿ. ಹತ್ತು ಅಚ್ಚು ಬೇಕು.

ಕೇಕು: 3 ಮೊಟ್ಟೆಗಳ ಹಳದಿ ಮತ್ತು ಬಿಳಿ ಬೇರೆ ಮಾಡಿ. ಹಳದಿಗೆ ಕಾಲು ಕಪ್ ಎಣ್ಣೆ, ಕಾಲು ಕಪ್ ಹಾಲು, ಕಾಲು ಕಪ್ ಸಕ್ಕರೆ ಹಾಕಿ ಕಲಸಿ. ಮುಕ್ಕಾಲು ಕಪ್ ಮೈದಾ, 1 ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪನ್ನು ಜರಡಿ ಹಿಡಿದು ಸೇರಿಸಿ. ಬಿಳಿಯನ್ನು ಇನ್ನೊಂದು ಕಾಲು ಕಪ್ ಸಕ್ಕರೆಯೊಂದಿಗೆ ಗಟ್ಟಿ ನೊರೆ ಬರುವ ತನಕ ಕಡೆದು, ನೊರೆ ಇಳಿಯದಂತೆ ಮೆಲ್ಲನೆ ಹಿಟ್ಟಿಗೆ ಬೆರೆಸಿ. ಅಚ್ಚಿನ ಮುಕ್ಕಾಲು ಭಾಗ ಮಾತ್ರ ತುಂಬಿ. ಓವನ್‌ನಲ್ಲಿ 175 ಡಿಗ್ರಿ ಸೆಲ್ಸಿಯಸ್‌ಗೆ 13ರಿಂದ 15 ನಿಮಿಷ. ಓವನ್ ಇಲ್ಲದವರು ದಪ್ಪ ತಳದ ಪಾತ್ರೆಯಲ್ಲಿ ಉಪ್ಪು ಹರಡಿ, ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿದ ಮೇಲೆ ತಟ್ಟೆ ಇಟ್ಟು ಸಣ್ಣ ಉರಿಯಲ್ಲಿ ಬೇಯಿಸಬಹುದು. ಕಡ್ಡಿ ಚುಚ್ಚಿದಾಗ ಅಂಟದಿದ್ದರೆ ಬೆಂದಿದೆ.

ಕ್ರೀಮ್: ಅರ್ಧ ಕಪ್ ಹಾಲಿಗೆ 2 ದೊಡ್ಡ ಚಮಚ ಮೈದಾ ಗಂಟಿಲ್ಲದಂತೆ ಕದಡಿ, ಗಂಜಿಯಂತೆ ದಪ್ಪಗಾಗುವ ತನಕ ಕಾಯಿಸಿ ಪೂರ್ತಿ ಆರಿಸಿ. 100 ಗ್ರಾಂ ಬೆಣ್ಣೆ ಮತ್ತು ಮುಕ್ಕಾಲು ಕಪ್ ಪುಡಿ ಸಕ್ಕರೆಯನ್ನು ಬೆಳ್ಳಗಾಗುವಂತೆ ಕಡೆದು, ಈ ಗಂಜಿಯನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ ಮತ್ತೆ ಕಡೆಯಿರಿ. ಘಮಕ್ಕೆ ಏಲಕ್ಕಿ ಪುಡಿ. ಡಿವಾರ್ ಅವರ ಮೊದಲ ಕೇಕಿನ ನೆನಪಿಗೆ ನಾವು ನುಣ್ಣಗೆ ಹಿಸುಕಿದ ಬಾಳೆಹಣ್ಣು ಎರಡು ಚಮಚ ಹಾಕಿದೆವು. ಹಾಗೆ ಹಾಕಿದರೆ ಅದೇ ದಿನ ತಿಂದು ಮುಗಿಸಬೇಕು.

ತುಂಬುವುದು: ಕೇಕು ಪೂರ್ತಿ ಆರಿದ ಮೇಲೆ ತಳದಲ್ಲಿ ಕಡ್ಡಿಯಿಂದ ಮೂರು ತೂತು ಮಾಡಿ ಒಳಗೆ ಸ್ವಲ್ಪ ಜಾಗ ಬಿಡಿಸಿ. ಕ್ರೀಮನ್ನು ಗಟ್ಟಿ ಪ್ಲಾಸ್ಟಿಕ್ ಕವರಿಗೆ ಹಾಕಿ ಮೂಲೆ ಕತ್ತರಿಸಿ ಪ್ರತಿ ತೂತಿಗೂ ಒತ್ತಿ. ಅಂಗಡಿಯ ಕೇಕಿನ ತಳದಲ್ಲೂ ಈ ಮೂರು ತೂತುಗಳಿರುತ್ತವೆ! ಬಾಳೆಹಣ್ಣು ಹಾಕದಿದ್ದರೆ ಫ್ರಿಜ್‌ನಲ್ಲಿ ಮೂರು ದಿನ ಇಡಬಹುದು.

ಎರಡು ಎಚ್ಚರಿಕೆಯ ಮಾತು. ಇಂಥ ಕೇಕಿಗೆ ಕೆಲವರು ಮಾರ್ಷ್‌ಮೆಲೋ ಬಳಸುತ್ತಾರೆ. ಅದರಲ್ಲಿ ಜೆಲಾಟಿನ್ ಇರುತ್ತದೆ, ಅದು ಹಂದಿಯದ್ದೂ ಆಗಿರಬಹುದು. ಅಮೆರಿಕದಲ್ಲಿ ಮಾರುವ ವೆನಿಲ್ಲಾ ಎಕ್ಸ್‌ಟ್ರಾಕ್ಟ್‌ನಲ್ಲಿ ನಿಯಮದ ಪ್ರಕಾರವೇ ಕನಿಷ್ಠ 35 ಶೇಕಡಾ ಮದ್ಯಸಾರ ಇರುತ್ತದೆ. ಅದಕ್ಕೇ ನಾವು ಏಲಕ್ಕಿ ಹಾಕಿದ್ದು.

ಭಾನುವಾರ ಮಧ್ಯಾಹ್ನ

ಮರುದಿನ ಝುಹ್ರ್ ನಮಾಝಿನ ನಂತರ ಆ ಗೆಳೆಯನನ್ನೇ ಮನೆಗೆ ಕರೆಸಿದೆವು. ಕೆಂಚುಕೂದಲಿನ ಪೋರ. ಅವನು ಪ್ರೀತಿಯಿಂದಲೇ ಕೊಟ್ಟಿದ್ದ, ಅವನದೇನು ತಪ್ಪು? ಕೇಕನ್ನು ಕಚ್ಚಿ, ಕಣ್ಣು ಮುಚ್ಚಿ ಯೋಚಿಸಿದ. "ಅದರ ಹಾಗಿಲ್ಲ" ಎಂದ. ನಮ್ಮ ಹುಡುಗನ ಮುಖ ಸಣ್ಣಗಾಯಿತು. "ಇನ್ನೊಂದು ಕೊಡ್ತೀಯಾ?" ಎಂದು ಅವನು ಕೈ ಚಾಚಿದ. ಆಮೇಲೆ ತಟ್ಟೆ ಖಾಲಿಯಾಗಲು ಹೊತ್ತು ಹಿಡಿಯಲಿಲ್ಲ.

ಅವರಿಬ್ಬರನ್ನೂ ನೋಡುತ್ತಾ ನನಗೆ ಇನ್ನೊಂದು ಹದೀಸ್ ನೆನಪಾಯಿತು. ಉಮರ್ ಬಿನ್ ಅಬೀ ಸಲಮಾ ಎಂಬ ಬಾಲಕ ಪ್ರವಾದಿವರ್ಯರ(ಸ) ಆಶ್ರಯದಲ್ಲಿ ಬೆಳೆಯುತ್ತಿದ್ದರು. ಊಟಕ್ಕೆ ಕೂತಾಗ ಅವರ ಕೈ ತಟ್ಟೆಯ ತುಂಬ ಓಡಾಡುತ್ತಿತ್ತು. ಪ್ರವಾದಿವರ್ಯರು(ಸ) ಗದರಲಿಲ್ಲ, ತಟ್ಟೆಯನ್ನು ಎಳೆದುಕೊಳ್ಳಲಿಲ್ಲ. ಅಲ್ಲಾಹನ ಹೆಸರು ಹೇಳಲು, ಬಲಗೈಯಿಂದ ತನ್ನ ಮುಂದಿರುವುದನ್ನು ತಿನ್ನಲು ಕಲಿಸಿದರು. ತಾನು ಆ ಬಳಿಕ ಹಾಗೆಯೇ ಉಣ್ಣುತ್ತಿದ್ದೆ ಎಂದು ಅವರು ದೊಡ್ಡವರಾದ ಮೇಲೆ ಹೇಳಿದ್ದಾರೆ. ಉಣ್ಣುತ್ತಿರುವ ಮಗುವಿಗೆ ಕಲಿಸಿದ ಪಾಠ ಜೀವಮಾನವಿಡೀ ಉಳಿಯುತ್ತದೆ. ಹೆದರಿಸಿದ್ದು ಕೂಡ ಉಳಿಯುತ್ತದೆ ಎಂಬುದೇ ನನ್ನ ಭಯ.

ಸಹೋದರಿಯರೇ, ನಮ್ಮ ಮಕ್ಕಳು ಅಮೆರಿಕದಲ್ಲಿರಲಿ, ಗಲ್ಫ್‌ನಲ್ಲಿರಲಿ, ನಮ್ಮೂರಿನ ಶಾಲೆಯಲ್ಲೇ ಇರಲಿ, ಬಣ್ಣದ ಪೊಟ್ಟಣಗಳ ನಡುವೆಯೇ ಬೆಳೆಯುತ್ತಾರೆ. ಪೊಟ್ಟಣದ ಹಿಂಬದಿಯನ್ನು ಅವರೊಂದಿಗೆ ಕೂತು ಓದಿ. 'ಬೇಡ' ಎನ್ನುವ ಮೊದಲು ಅದರ ಬದಲಿಗೆ ಏನು ಕೊಡುತ್ತೇನೆ ಎಂದು ಯೋಚಿಸಿ. ತಿಳಿಯದೆ ತಿಂದು ಬಂದರೆ ಮೊದಲು ಮಡಿಲಿಗೆ ಎಳೆದುಕೊಳ್ಳಿ, ಮಸ್‌ಅಲಾ ಆಮೇಲೆ ಹೇಳಿ.

ಆ ರಾತ್ರಿ ಇಶಾ ನಮಾಝಿನ ಬಳಿಕ ಹುಡುಗ ಬಹಳ ಹೊತ್ತು ಕೈಯೆತ್ತಿ ಕೂತಿದ್ದ. ಏನು ಬೇಡಿದ ಎಂದು ನಾನು ಕೇಳಲಿಲ್ಲ. ಆಗ ನಮ್ಮೂರಿನಲ್ಲಿ ಬೆಳಿಗ್ಗೆ. ತಾಯಿಯವರ ಫೋನ್ ಬಂತು. ಕ್ಷೀಣವಾದ ಸ್ವರದಲ್ಲಿ, "ಕೇಕು ಮಾಡಿದಿರಂತೆ, ನನಗೇನು ಉಳಿಸಿದ್ದೀಯಾ?" ಎಂದು ಮೊಮ್ಮಗನನ್ನು ಕೇಳಿದರು.

ಅವನು ಫ್ರಿಜ್‌ನತ್ತ ಓಡಿಹೋಗಿ ನೋಡಿ ಬಂದು ಹೇಳಿದ: "ಎರಡು ಇಟ್ಟಿದ್ದೇನೆ ನಾನೀ."